ಫೋನ್ ಎತ್ತಿ ಒಂದು ಒತ್ತಿರಿ

ನಾನು ಬೆಳಿಗ್ಗೆ ಎದ್ದು ಅಂಗಡಿಗೆ ಹೋಗಬೇಕೋ, ಮನೆಯಲ್ಲೇ ಕೂರಬೇಕೋ ಎಂಬುದನ್ನು ತೀರ್ಮಾನಿಸುತ್ತಿದ್ದುದು ನಮ್ಮ ಪಡಸಾಲೆಯ ಗೋಡೆಯ ಮೇಲಿದ್ದ ಒಂದು ಬಿಳಿ ಡಬ್ಬಿ. ಊಟದ ಡಬ್ಬಿಯಷ್ಟೇ ಗಾತ್ರ. ಅದರಿಂದ ಹೊರಟ ವೈರು ಟೆಲಿಫೋನಿನ ಲೈನಿಗೆ ಹೋಗುತ್ತಿತ್ತು. ನಮ್ಮ ಯಜಮಾನರ ಮುಂಗೈಗೆ ಕಟ್ಟಿದ ಗುಂಡಿಯನ್ನು ಒತ್ತಿದರೆ ಡಬ್ಬಿ ತಾನಾಗಿ ಫೋನು ಹಚ್ಚುತ್ತಿತ್ತು. ಮೊದಲು ನನಗೆ, ಆಮೇಲೆ ನನ್ನ ಮೈದುನನಿಗೆ, ಕೊನೆಗೆ ಎದುರು ಮನೆಯ ಅಕ್ಕನಿಗೆ. ಆ ಡಬ್ಬಿಯ ಮೈ ಸರಿಯಾಗಿದ್ದರೆ ನಾನು ದುರ್ಗದಬೈಲಿನ ಅಂಗಡಿಯಲ್ಲಿ, ಇಲ್ಲದಿದ್ದರೆ ಬೆಂಗೇರಿಯ ಮನೆಯಲ್ಲಿ. ನಡುವೆ ಬೇರೆ ದಾರಿ ಇರಲಿಲ್ಲ.

ಯಜಮಾನರಿಗೆ ಲಕ್ವಾ ಹೊಡೆದು ಬಲಭಾಗ ಬಿದ್ದುಹೋದಾಗ ನಮ್ಮ ಅಂಗಡಿಯ ಬಾಗಿಲು ಕೆಲವು ತಿಂಗಳು ಮುಚ್ಚಿತ್ತು. ನಮ್ಮದು ಹೊಲಿಗೆ ಸಾಮಾನಿನ ಅಂಗಡಿ. ಸೀರೆಯ ಫಾಲು, ಲೈನಿಂಗ್ ಬಟ್ಟೆ, ಲೇಸು, ದಾರ, ಹುಕ್ಕು, ಇಲಾಸ್ಟಿಕ್ಕು. ಮಾವನವರ ಕಾಲದಿಂದ ನಡೆದದ್ದು. ಯಜಮಾನರು ಕೋಲು ಹಿಡಿದು ನಡೆಯುವಂತಾದರು, ಮಾತೂ ಸ್ವಲ್ಪ ತೊದಲುತ್ತ ಮರಳಿ ಬಂತು, ಆದರೆ ಆ ಬಜಾರಿನ ಸಂದಣಿಯಲ್ಲಿ ಹೋಗಿ ಅಂಗಡಿಯ ಗಾದಿಯ ಮೇಲೆ ಕೂರುವ ಶಕ್ತಿ ಬರಲಿಲ್ಲ. ಹಾಗಾಗಿ ನಾನು ಹೋಗಿ ಕೂತೆ. ಮೊದಲ ವಾರ ಗಿರಾಕಿಗಳು ನನ್ನ ಮುಖ ನೋಡಿ, "ಯಜಮಾನ್ರು ಇಲ್ಲೇನ್ರಿ?" ಎನ್ನುತ್ತಿದ್ದರು. ವರ್ಷ ತುಂಬುವುದರೊಳಗೆ ಟೇಲರುಗಳು ದೂರದಿಂದಲೇ ಬಟ್ಟೆಯ ತುಂಡು ತೋರಿಸಿ, "ಅಕ್ಕಾರ, ಇದಕ್ಕ ಮ್ಯಾಚಿಂಗ್" ಎಂದು ಕೂಗಿ ಬೇರೆ ಕೆಲಸಕ್ಕೆ ಹೋಗಿ ಬರುವಷ್ಟು ನಂಬಿದರು. ನನಗೆ ಬಣ್ಣ ಕಾಣುತ್ತದೆ. ಗಿಣಿಹಸಿರಿನಲ್ಲಿ ಹದಿನಾರು ಬಗೆ ಇದ್ದರೂ ಬೇಕಾದ ಒಂದನ್ನು ಕೈ ತಾನಾಗಿ ಎತ್ತುತ್ತದೆ. ಈ ವಿದ್ಯೆ ನನ್ನೊಳಗಿತ್ತು ಎಂಬುದು ನನಗೆ ಅಡುಗೆಮನೆಯಲ್ಲಿದ್ದಾಗ ಗೊತ್ತೇ ಇರಲಿಲ್ಲ. ಖರೇ ಹೇಳಬೇಕೆಂದರೆ ನನಗೆ ಆ ಅಂಗಡಿಯ ಮೇಲೆ ಜೀವ ಕೂತುಬಿಟ್ಟಿತ್ತು.

ಮೈದುನ ಒಳ್ಳೆಯವನೇ. ಅದೇ ಬೈಲಿನ ಹಿಂದಿನ ಓಣಿಯಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ ಇಟ್ಟಿದ್ದಾನೆ. ಅಣ್ಣನೆಂದರೆ ಪ್ರಾಣ. ಆ ಪ್ರಾಣವೇ ನನಗೆ ಮುಳುವಾಗಿತ್ತು. ವಾರಕ್ಕೊಮ್ಮೆಯಾದರೂ ಬಂದು ಅದೇ ಮಾತು ತೆಗೆಯುತ್ತಿದ್ದ.

"ವೈನಿ, ಅಣ್ಣನ್ನ ಒಬ್ಬನ್ನ ಬಿಟ್ಟು ಬರೂದು ಛಲೋ ಅಲ್ರಿ. ನೀವು ಮನ್ಯಾಗ ಇರ್ರಿ. ಅಂಗಡಿ ನಾ ನೋಡ್ಕೊಂತೇನಿ."

"ಡಬ್ಬಿ ಐತಲ್ಲೋ ತಮ್ಮಾ."

"ಡಬ್ಬಿ ಮನಶ್ಯಾ ಏನ್ರಿ?"

ಮನುಷ್ಯರನ್ನು ಇಡೋಣವೆಂದರೆ ಯಜಮಾನರು ಕೇಳಬೇಕಲ್ಲ. ಅವರನ್ನು ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳನ್ನು ಗೊತ್ತು ಮಾಡಿದ್ದೆ. ಮೂರನೆಯ ದಿನ ಆಕೆಗೆ ಚಹಾ ಕುಡಿಸಿ, ಕೈಮುಗಿದು, "ತಂಗೀ, ನೀ ನನ್ನ ಮಾರಿ ನೋಡ್ಕೊಂತ ಕುಂತರ ನನಗ ಇನ್ನಷ್ಟು ಜಡ್ಡು ಬರತೈತಿ" ಎಂದು ಕಳಿಸಿಬಿಟ್ಟರು. ತಾವೇ ಎದ್ದು, ತಾವೇ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ನಾನು ಮುಚ್ಚಿಟ್ಟುಹೋದ ರೊಟ್ಟಿ ಪಲ್ಯ ತಾವೇ ಬಡಿಸಿಕೊಂಡು ಉಣ್ಣಬೇಕು. ಅದು ಅವರ ಹಟ. ಆ ಹಟದಿಂದಲೇ ಅವರು ಎದ್ದು ನಿಂತದ್ದು, ಹಾಗಾಗಿ ನಾನು ಅದನ್ನು ಮುರಿಯಲು ಹೋಗಲಿಲ್ಲ.

ಡಬ್ಬಿ ಮಾರಿದವನು ಗುಂಡಿಯನ್ನು ಸರಪಳಿಗೆ ಹಾಕಿ ಕೊರಳಿಗೆ ಕಟ್ಟಿಕೊಳ್ಳಿ ಎಂದು ಕೊಟ್ಟಿದ್ದ. ಯಜಮಾನರು ಸುತರಾಂ ಒಪ್ಪಲಿಲ್ಲ. "ಕೊರಳಾಗ ಲಿಂಗ ಐತಿ. ಅದರ ಜೋಡಿ ಇದನ್ನ ಹಾಕ್ಕೊಳ್ಳಾಂಗಿಲ್ಲ" ಎಂದರು. ನಾನು ಅಂಗಡಿಯಿಂದ ಅಗಲ ಇಲಾಸ್ಟಿಕ್ಕು ತಂದು, ಗುಂಡಿಗೆ ಒಂದು ಚೀಲ ಹೊಲಿದು, ಬಲ ಮುಂಗೈಗೆ ಪಟ್ಟಿ ಮಾಡಿಕೊಟ್ಟೆ. ಬಿದ್ದ ಕೈ ಮೇಲೆ ಗುಂಡಿ, ಗಟ್ಟಿ ಕೈಯಿಂದ ಒತ್ತುವುದು. ಡಬ್ಬಿಯಲ್ಲಿ ಅವರ ದನಿಯನ್ನೇ ತುಂಬಿದ್ದೆವು. "ಕಾಪಾಡ್ರಿ ಅನ್ರಿ" ಎಂದು ಮಾರುವವನು ಹೇಳಿಕೊಟ್ಟರೆ, ಇವರು, "ನಾ ಯಾಕ ಹಂಗ ಅನ್ಲಿ?" ಎಂದು ಮುಖ ಊದಿಸಿ, ಕೊನೆಗೆ ತಮ್ಮದೇ ಧಾಟಿಯಲ್ಲಿ ನಿಧಾನವಾಗಿ ಹೇಳಿದರು: "ನಾ ಮನಿಯಿಂದ. ಲಗೂ ಬರ್ರಿ."

ಹೀಗೆ ಎಲ್ಲವೂ ನಡೆದಿತ್ತು. ಆದರೆ ನಮ್ಮ ಓಣಿಯ ರಸ್ತೆಗೆ ಅಗೆಯುವ ಚಟ. ನೀರಿನ ಪೈಪಿಗೆಂದು ಒಮ್ಮೆ, ಗ್ಯಾಸಿನ ಪೈಪಿಗೆಂದು ಒಮ್ಮೆ, ಚರಂಡಿಗೆಂದು ಇನ್ನೊಮ್ಮೆ. ಅಗೆದಾಗಲೆಲ್ಲ ಹಳೆಯ ಟೆಲಿಫೋನ್ ವೈರು ಹರಿಯುತ್ತಿತ್ತು. ಕಡೆಯ ಸಲ ಹರಿದದ್ದನ್ನು ಜೋಡಿಸಲು ಯಾರೂ ಬರಲೇ ಇಲ್ಲ. ಓಣಿಯವರೆಲ್ಲ ಹೊಸ ಕಂಪನಿಯ ಫೈಬರ್ ಲೈನು ತೆಗೆದುಕೊಂಡರು, ನಾವೂ ತೆಗೆದುಕೊಂಡೆವು. ಹೊಸ ನಂಬರು ಬಂತು.

ಲೈನು ಹಾಕಲು ಬಂದ ಮನುಷ್ಯ ಮೋಡೆಮ್ ಕೂರಿಸಿ, ತನ್ನ ಮೊಬೈಲಿನಲ್ಲಿ ಏನೋ ಒತ್ತಿ, "ಆತ್ರಿ" ಎಂದು ಚೀಲ ಹೆಗಲಿಗೇರಿಸಿದ. ಗೋಡೆಯ ಡಬ್ಬಿಯಲ್ಲಿ ಕೆಂಪು ದೀಪ ಕಣ್ಣು ಮಿಟುಕಿಸುತ್ತಲೇ ಇತ್ತು.

"ಇದಕ್ಕ ಲೈನ್ ಯಾರು ಕೊಡ್ತಾರ್ರಿ?" ಎಂದೆ.

"ಅದು ನಮ್ಮ ಕಂಪನಿದಲ್ರಿ ಅಕ್ಕಾರ."

"ಟೆಲಿಫೋನ್ ನಿಮ್ಮದಲ್ಲ?"

"ಟೆಲಿಫೋನ್ ನಮ್ಮದ್ರಿ. ಅದು ಟೆಲಿಫೋನ್ ಅಲ್ರಿ."

ನನಗೆ ಸಿಟ್ಟು ಬೇಗ ಬರುತ್ತದೆ, ಬಂದದ್ದು ಬೇಗ ಹೋಗುವುದಿಲ್ಲ. ಅವನು ಹೋದ ಮೇಲೆ ಸ್ಟೂಲು ಹತ್ತಿ ನಾನೇ ನೋಡಿದೆ. ಡಬ್ಬಿಯ ವೈರು ಇನ್ನೂ ಗೋಡೆಯ ಹಳೆಯ ತೂತಿಗೇ ಸಿಕ್ಕಿಕೊಂಡಿತ್ತು. ಆ ತೂತಿನಾಚೆ ಇದ್ದದ್ದು ಸತ್ತ ಲೈನು. ಅದನ್ನು ಕಿತ್ತು ಮೋಡೆಮ್ಮಿನ ಹಿಂದೆ ಟೆಲಿಫೋನಿನ ಚಿತ್ರವಿದ್ದ ತೂತಿಗೆ ಸಿಕ್ಕಿಸಿದೆ. ಕೆಂಪು ಹೋಗಿ ಹಸಿರು ಬಂತು. ಸ್ಟೂಲಿನ ಮೇಲೆ ನಿಂತೇ ಯಜಮಾನರತ್ತ ತಿರುಗಿ ನೋಡಿದೆ. ಅವರು, "ಇಳಿ, ಇಳಿ. ನೀ ಬಿದ್ರ ಗುಂಡಿ ಯಾರು ಒತ್ತವರು?" ಎಂದರು.

ಹಳೆಯ ಲೈನಿಗೆ ಕರೆಂಟಿನ ಹಂಗಿರಲಿಲ್ಲ. ಈ ಮೋಡೆಮ್ಮಿಗೆ ಕರೆಂಟು ಹೋದರೆ ಜೀವವೇ ಹೋಗುತ್ತದೆ ಎಂಬುದು ಮರುದಿನ ಬೆಳಿಗ್ಗೆ ಕರೆಂಟು ಹೋದಾಗ ತಿಳಿಯಿತು. ವೈರ್‌ಮನ್ನನ್ನು ಕರೆಸಿ ಟಿವಿಗಿದ್ದ ಇನ್ವರ್ಟರ್ ಲೈನನ್ನು ಮೋಡೆಮ್ಮಿಗೆ ತಿರುಗಿಸಿದೆ. ಕರೆಂಟು ಹೋದಾಗ ಟಿವಿ ನೋಡುವಂತಿಲ್ಲ ಎಂದು ಯಜಮಾನರು ಒಂದು ಹೊತ್ತು ಮಾತಾಡಲಿಲ್ಲ. ಮಾತಾಡದಿದ್ದರೆ ನನಗೇನು, ಡಬ್ಬಿ ಮಾತಾಡಿದರೆ ಸಾಕು ಎಂದುಕೊಂಡೆ.

ಇಲ್ಲಿ ನಮ್ಮ ಮನೆತನದ ಒಂದು ರೂಢಿಯನ್ನು ಹೇಳಬೇಕು. ನಾವು ಫೋನು ಎತ್ತುವವರಲ್ಲ. ಒಂದೊಂದು ಕರೆಗೂ ದುಡ್ಡು ಬೀಳುತ್ತಿದ್ದ ಕಾಲದಲ್ಲಿ ಮೈಗಂಟಿದ ಚಾಳಿ ಅದು. ಹೆಸರು ನೋಡಿ ಕಟ್ ಮಾಡಿದರೆ 'ತಿಳೀತು, ಹೊಂಟೆ' ಎಂದರ್ಥ. ರೊಟ್ಟಿ ಆಯಿತು ಎಂದು ಮನೆಯಿಂದ ಫೋನು, ಕಟ್. ಮಾಲಿನ ಲೋಡು ಬಂತು ಎಂದು ಅಂಗಡಿಯಿಂದ ಫೋನು, ಕಟ್. ಎತ್ತಿದರೆ ಏನೋ ಅನಾಹುತವಾಗಿದೆ ಎಂದೇ ಲೆಕ್ಕ. ಡಬ್ಬಿಯನ್ನೂ ನಾವು ಹೀಗೇ ಸಾಕಿಕೊಂಡಿದ್ದೆವು. ಅದು ನನಗೆ ಹಚ್ಚಿದರೆ ನಾನು ಕಟ್ ಮಾಡುತ್ತಿದ್ದೆ. ಲೈನು ಎಂಗೇಜ್ ಎಂದು ಟೊಂಯ್ ಟೊಂಯ್ ಸದ್ದು ಬಂದ ಕೂಡಲೇ ಡಬ್ಬಿ ಮೈದುನನಿಗೆ ಹಚ್ಚುತ್ತಿತ್ತು. ಅವನೂ ಕಟ್. ಆಮೇಲೆ ಎದುರು ಮನೆಯ ಅಕ್ಕನಿಗೆ. ಆಕೆಯೂ ಕಟ್ ಮಾಡಿ ಸೆರಗು ಸಿಕ್ಕಿಸಿಕೊಂಡು ರಸ್ತೆ ದಾಟುತ್ತಿದ್ದಳು. ಆಕೆಯ ಹತ್ತಿರ ನಮ್ಮ ಮನೆಯ ಒಂದು ಕೀಲಿ ಇರುತ್ತದೆ. ಯಾರೂ ಒಂದು ಮಾತೂ ಆಡದೆ ಮೂವರಿಗೂ ಸುದ್ದಿ ಮುಟ್ಟುತ್ತಿತ್ತು.

ಹೊಸ ಲೈನಿನ ಪರೀಕ್ಷೆಗೆ ಸಂಜೆ ಗುಂಡಿ ಒತ್ತಿರಿ ಎಂದು ಯಜಮಾನರಿಗೆ ಹೇಳಿ, ಉಳಿದಿಬ್ಬರಿಗೂ ತಿಳಿಸಿ ಅಂಗಡಿಗೆ ಹೋದೆ. ಒಬ್ಬ ಹುಡುಗಿಗೆ ಲೇಸು ಅಳೆಯುತ್ತಿದ್ದಾಗ ಫೋನು ಬಂತು. ಹೊಸ ನಂಬರಿಗೆ 'ಮನಿ' ಎಂದೇ ಹೆಸರು ಹಾಕಿದ್ದೆ. ಖುಷಿಯಿಂದ ಕಟ್ ಮಾಡಿದೆ. ಮನಸ್ಸು ಹಗುರಾಯಿತು, ಆ ಹುಡುಗಿಗೆ ಲೇಸು ಒಂದು ಗೇಣು ಹೆಚ್ಚೇ ಹೋಯಿತು.

ಅಂಗಡಿ ಮುಚ್ಚುವ ಹೊತ್ತಿಗೆ ಮೈದುನ ಬಂದ. "ವೈನಿ, ಅಣ್ಣ ಗುಂಡಿ ಒತ್ತಲೇ ಇಲ್ಲೇನ್ರಿ?"

"ಒತ್ಯಾರಲ್ಲ. ನನಗ ಬಂತು."

"ನನಗ ಬರಲಿಲ್ರಿ."

ಮನೆಗೆ ಹೋಗಿ ಎದುರು ಮನೆಯ ಅಕ್ಕನನ್ನು ಕೇಳಿದರೆ ಆಕೆಗೂ ಬಂದಿರಲಿಲ್ಲ. ಗೋಡೆಯ ಮೇಲೆ ಡಬ್ಬಿ ಹಸಿರು ದೀಪ ಹಚ್ಚಿಕೊಂಡು, ತನ್ನ ಕೆಲಸ ಮುಗಿಯಿತು ಎಂಬಂತೆ ಕೂತಿತ್ತು. ಮತ್ತೆ ಮತ್ತೆ ಒತ್ತಿ ನೋಡಿದೆವು. ನನಗೆ ಬರುತ್ತದೆ, ನಾನು ಕಟ್ ಮಾಡುತ್ತೇನೆ, ಅಲ್ಲಿಗೆ ನಿಲ್ಲುತ್ತದೆ. ನಾನಿರುವುದು ದುರ್ಗದಬೈಲಿನಲ್ಲಿ. ಆಟೋ ಸಿಕ್ಕು, ಸಂದಣಿ ದಾಟಿ, ಬೆಂಗೇರಿ ಮುಟ್ಟುವುದರೊಳಗೆ ಏನು ಬೇಕಾದರೂ ಆಗಬಹುದು. ಎದುರು ಮನೆಗೆ ಸುದ್ದಿ ಮುಟ್ಟದಿದ್ದರೆ ಆ ಡಬ್ಬಿ ಇದ್ದೂ ಇಲ್ಲದಂತೆಯೇ.

ಮೈದುನ ಅಂದು ದನಿ ಏರಿಸಲಿಲ್ಲ. ಅಣ್ಣನ ಮುಂದೆಯೇ, ಕುರ್ಚಿಯ ತುದಿಯಲ್ಲಿ ಕೂತು ಹೇಳಿದ. "ವೈನಿ, ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ರಿ. ಪಂಚಮಿ ವ್ಯಾಪಾರ ಮುಗಿಸ್ರಿ. ಅಷ್ಟ್ರಾಗ ಇದು ಸರಿ ಆದ್ರ ಆತು. ಇಲ್ಲಾಂದ್ರ ಅಂಗಡಿ ಕೀಲಿ ನನ್ನ ಕಡೆ ಕೊಡ್ರಿ. ಅಣ್ಣಗ ಏನರ ಆದ್ರ ನಾವಿಬ್ಬರೂ ಮಾರಿ ಎತ್ತಿ ತಿರಗ್ಯಾಡಾಕ ಆಗೂದಿಲ್ಲ."

ಅವನ ಮಾತಿನಲ್ಲಿ ತಪ್ಪು ಹುಡುಕಲು ನೋಡಿದೆ. ಸಿಗಲಿಲ್ಲ. ಯಜಮಾನರು ಮುಂಗೈಯ ಪಟ್ಟಿಯನ್ನು ಸುಮ್ಮನೆ ತಿರುಗಿಸುತ್ತ ಕೂತರು. ತನ್ನಿಂದ ಇವಳ ಅಂಗಡಿ ಹೋಗುತ್ತದೆ ಎಂದು ಅವರು, ನನ್ನ ಅಂಗಡಿಯಿಂದ ಇವರಿಗೆ ಏನಾದರೂ ಆಗುತ್ತದೆ ಎಂದು ನಾನು. ಆ ರಾತ್ರಿ ರೊಟ್ಟಿ ಬುಟ್ಟಿಯಲ್ಲೇ ಉಳಿದವು.

ಹೊಸ ಕಂಪನಿಗೆ ಫೋನು ಹಚ್ಚಿದೆ. ಇಂಥದಕ್ಕೆ ಇದನ್ನು ಒತ್ತಿ, ಅಂಥದಕ್ಕೆ ಅದನ್ನು ಒತ್ತಿ ಎಂದು ಅಲೆದಾಡಿಸಿ, ಕೊನೆಗೆ ಒಂದು ಹುಡುಗಿ ಸಿಕ್ಕಳು. ನನ್ನ ಕತೆಯನ್ನೆಲ್ಲ ಕೇಳಿ, "ಮೇಡಂ, ನಿಮ್ಮ ಲೈನ್ ಸರಿಯಾಗಿದೆ" ಎಂದಳು. ಮರುದಿನ ಬೇರೆ ಹುಡುಗಿ ಅದನ್ನೇ ಅಂದಳು. ಡಬ್ಬಿ ಮಾರಿದವನಿಗೆ ಹಚ್ಚಿದರೆ, "ಅಕ್ಕಾರ, ಅದು ಹಳೇ ಮಾಡೆಲ್ರಿ. ಹೊಸ ಲೈನಿಗೆ ಹೊಸಾದು ಬೇಕ್ರಿ" ಎಂದ. ಲೈನಿನವರ ಪ್ರಕಾರ ಲೈನು ಸರಿ, ಡಬ್ಬಿಯವನ ಪ್ರಕಾರ ಲೈನು ಹೊಸದು. ಇಬ್ಬರೂ ಸೇರಿ ನನ್ನನ್ನು ಚೆಂಡು ಮಾಡಿಕೊಂಡಿದ್ದರು.

ಆದರೆ ನನಗೆ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿತ್ತು. ಡಬ್ಬಿ ನನಗೆ ಹಚ್ಚುತ್ತಿದೆ ಎಂದಮೇಲೆ ಅದಕ್ಕೆ ಹೊಸ ಲೈನು ಒಗ್ಗಿದೆ. ನಾನು ಕಟ್ ಮಾಡಿದ ಮೇಲೆ ಏನಾಗುತ್ತದೆ? ಅದನ್ನು ಯಾರೂ ಕೇಳಿಸಿಕೊಂಡಿಲ್ಲ. ಕೇಳಿಸಿಕೊಂಡರೆ ಗೊತ್ತಾಗುತ್ತದೆ. ಬಟ್ಟೆ ಎಲ್ಲಿ ಜಗ್ಗುತ್ತದೆ ಎಂದು ತಿಳಿಯಲು ಅದನ್ನು ಮೈಮೇಲೆ ಹಾಕಿಯೇ ನೋಡಬೇಕಲ್ಲ.

ಬಜಾರಿನಲ್ಲಿ ಒಂದು ಲೈನನ್ನು ಎರಡು ಮಾಡುವ ಚಿಕ್ಕ ಪಿನ್ನು ಸಿಗುತ್ತದೆ. ಅದನ್ನು ತಂದು, ಅಂಗಡಿಗೆ ರಜೆ ಇದ್ದ ದಿನ ಮೋಡೆಮ್ಮಿಗೆ ಸಿಕ್ಕಿಸಿದೆ. ಒಂದು ಕಡೆ ಡಬ್ಬಿ, ಇನ್ನೊಂದು ಕಡೆ ಮೂಲೆಯಲ್ಲಿ ಬಿದ್ದಿದ್ದ ನಮ್ಮ ಹಳೆಯ ಟೆಲಿಫೋನು. ಟೆಲಿಫೋನು ಕಿವಿಗೆ ಹಿಡಿದು, ಮೊಬೈಲು ಮಡಿಲಲ್ಲಿ ಇಟ್ಟುಕೊಂಡು ನೆಲದ ಮೇಲೆ ಕೂತೆ.

"ಒತ್ತರಿ ಈಗ."

ಒತ್ತಿದರು. ಡಬ್ಬಿ ನಂಬರು ತಿರುಗಿಸುವುದು ಕಿವಿಗೆ ಬಿತ್ತು. ಮಡಿಲಲ್ಲಿ ಮೊಬೈಲು ಬಡಿದುಕೊಂಡಿತು. ಕಟ್ ಮಾಡಿದೆ. ಈಗ ಟೊಂಯ್ ಟೊಂಯ್ ಬರಬೇಕಿತ್ತು. ಬರಲಿಲ್ಲ. ಅದರ ಬದಲು ಒಬ್ಬ ಹೆಂಗಸಿನ ದನಿ, ಸಕ್ಕರೆ ಸುರಿದಂತೆ: "ನೀವು ಕರೆ ಮಾಡಿರುವ ಚಂದಾದಾರರು ಬೇರೆ ಕರೆಯಲ್ಲಿ ನಿರತರಾಗಿದ್ದಾರೆ." ಆಕೆ ಬಾಯಿ ತೆರೆದದ್ದೇ ತಡ, ಯಾರೋ ಫೋನು ಎತ್ತಿದರು ಎಂದುಕೊಂಡು ನಮ್ಮ ಡಬ್ಬಿಯೂ ಬಾಯಿ ತೆರೆಯಿತು. "ನಾ ಮನಿಯಿಂದ. ಲಗೂ ಬರ್ರಿ."

"ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ."

"ನಾ ಮನಿಯಿಂದ. ಲಗೂ ಬರ್ರಿ."

ಆಕೆ ಇಂಗ್ಲಿಷಿನಲ್ಲಿ ಹೇಳಿದಳು. ನಮ್ಮವರು ಕನ್ನಡದಲ್ಲೇ ಕರೆದರು. ಆಮೇಲೆ ಡಬ್ಬಿ ಸಮಾಧಾನದಿಂದ ಒಮ್ಮೆ ಕುಂಯ್ ಎಂದು, ಫೋನು ಇಟ್ಟು, ಹಸಿರು ದೀಪ ಹಚ್ಚಿಕೊಂಡಿತು. ಅದರ ಮಟ್ಟಿಗೆ ಸುದ್ದಿ ಮುಟ್ಟಿತ್ತು. ಇನ್ನು ಮೈದುನನಿಗೆ ಯಾಕೆ, ಎದುರು ಮನೆಗೆ ಯಾಕೆ?

ನಾನು ಟೆಲಿಫೋನನ್ನು ಯಜಮಾನರ ಕಿವಿಗೆ ಹಿಡಿದು ಮತ್ತೊಮ್ಮೆ ಒತ್ತಿಸಿದೆ. ಕೇಳುತ್ತ ಕೇಳುತ್ತ ಅವರ ಹೊಟ್ಟೆ ಕುಲುಕಾಡಲು ಶುರುವಾಯಿತು. "ಎಷ್ಟ ಕರದ್ರೂ ಬರವಲ್ಲಳು ನೋಡ ಆಕಿ" ಎಂದರು. ಆಮೇಲೆ ಬಿದ್ದು ಬಿದ್ದು ನಕ್ಕರು. ಲಕ್ವಾ ಹೊಡೆದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನಗುವಾಗ ಬಾಯಿ ಒಂದು ಕಡೆ ಸೊಟ್ಟಗಾಗುತ್ತದೆ ಎಂದು ನಾಚಿ ನಗುವುದನ್ನೇ ಬಿಟ್ಟಿದ್ದರು. ಅಂದು ಸೊಟ್ಟಗೇ ಆಗಲಿ ಎಂದು ನಕ್ಕರು. ನನಗೆ ನಗುವೂ ಬಂತು, ಕಣ್ಣೀರೂ ಬಂತು.

ಕೂಡಲೇ ಡಬ್ಬಿ ಮಾರಿದವನಿಗೆ ಫೋನು. ಈ ಸಲ ಕತೆ ಹೇಳಲಿಲ್ಲ. "ದನಿ ಕೇಳಿದ ಕೂಡ್ಲೆ ನಂಬಬಾರದು. ಮನಶ್ಯಾ ಎತ್ತಿ ಒಂದು ಗುಂಡಿ ಒತ್ತಿದ್ರ ಮಾತ್ರ ನಂಬಬೇಕು. ಹಂಗ ಮಾಡಾಕ ಬರತೈತೋ ಇಲ್ಲೋ?" ಎಂದು ಕೇಳಿದೆ.

"ಬರತೈತ್ರಿ. ಆದ್ರ ಅದನ್ನ ಯಾರೂ ಕೇಳೂದಿಲ್ರಿ."

"ನಾ ಕೇಳಾಕತ್ತೇನಲ್ಲ. ಹೇಳ್ರಿ."

ಹೊಸ ಡಬ್ಬಿ ಮಾರುವ ಆಸೆ ಬಿಟ್ಟು ಅವನು ಹೇಳಿದ. ಇದನ್ನು ಒತ್ತಿ ಹಿಡಿಯಿರಿ, ಅದನ್ನು ಎರಡು ಸಲ ಒತ್ತಿ, ದೀಪ ಮಿಟುಕಿದರೆ ಇದು. ಅವನು ಹೇಳಿದಂತೆ ನಾನು ಸ್ಟೂಲಿನ ಮೇಲೆ ನಿಂತು ಒತ್ತಿದೆ. ಈಗ ಡಬ್ಬಿಯ ನಡತೆಯೇ ಬದಲಾಯಿತು. ಮೂವರಿಗೂ ಸರದಿಯ ಪ್ರಕಾರ ಹಚ್ಚುತ್ತದೆ. ಎತ್ತಿ 'ಒಂದು' ಒತ್ತಿದವರನ್ನು ಬಿಡುತ್ತದೆ, ಒತ್ತದವರಿಗೆ ಮತ್ತೆ ಮತ್ತೆ ಗಂಟು ಬೀಳುತ್ತದೆ. ಆ ಸಕ್ಕರೆ ದನಿಯ ಹೆಂಗಸು ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಡಬ್ಬಿ ಕಲಿಯಿತು. ಕಲಿಯದವರು ನಾವು. ಮೈದುನನ ಹೆಬ್ಬೆರಳು ಕೆಂಪು ಗುರುತಿಗೆ ತಾನಾಗಿ ಹೋಗುತ್ತಿತ್ತು. ಕಟ್ ಮಾಡಿದರೆ ಡಬ್ಬಿ ಮತ್ತೆ ಹಚ್ಚುತ್ತಿತ್ತು, ಅವನು ಮತ್ತೆ ಕಟ್ ಮಾಡುತ್ತಿದ್ದ, ಅದು ಮತ್ತೆ. "ವೈನಿ, ಇದು ಡಬ್ಬಿನೋ ಸಾಲ ವಸೂಲಿಯವರೋ?" ಎಂದು ಅಂಗಡಿಗೆ ಬಂದು ಜಗಳ ಕಾಯ್ದ. ಎದುರು ಮನೆಯ ಅಕ್ಕ ಫೋನು ಎತ್ತುತ್ತಿದ್ದಳು, ಆದರೆ ಯಜಮಾನರ ದನಿ ಕೇಳಿದ ಕೂಡಲೇ, "ಏನ್ರಿ ಅಣ್ಣಾರ, ಆರಾಮ ಅದೀರೇನ್ರಿ? ಊಟ ಆತೇನ್ರಿ?" ಎಂದು ಮಾತಿಗಿಳಿದು ಒಂದು ಒತ್ತುವುದನ್ನೇ ಮರೆಯುತ್ತಿದ್ದಳು. ನಾನು ಸಾಲಿ ಮಾಸ್ತರಂತೆ ಬೆನ್ನು ಹತ್ತಿದೆ. ಎತ್ತು, ಕೇಳು, ಒಂದು ಒತ್ತು. ದಿನಾ ಒಂದು ಹೊತ್ತು, ಯಜಮಾನರಿಗೆ ಮನಸ್ಸು ಬಂದ ಗಳಿಗೆಯಲ್ಲಿ ಗುಂಡಿ. ಯಾವಾಗ ಒತ್ತುತ್ತೇನೆ ಎಂದು ಅವರು ಯಾರಿಗೂ ಹೇಳುತ್ತಿರಲಿಲ್ಲ. ನಮ್ಮನ್ನು ಹೀಗೆ ಕುಣಿಸುವುದು ಅವರಿಗೆ ಬಹಳ ಹಿಡಿಸಿತ್ತು. ಮೈದುನ ಒಂದೇ ಸಲಕ್ಕೆ ಎತ್ತಿ ಒತ್ತಿದ ದಿನ ಅವನಿಗೆ ಅಂಗಡಿಯ ಮುಂದೆ ಗಿರಮಿಟ್ಟು, ಮಿರ್ಚಿ ಕೊಡಿಸಿದೆ. ತಿನ್ನುತ್ತ, "ಆದ್ರೂ ವೈನಿ, ಖರೇ ವ್ಯಾಳ್ಯಾ ಬಂದಾಗ ನೋಡೂಣು" ಎಂದ. ನನ್ನೊಳಗಿನ ಭಯವೂ ಅದೇ ಆಗಿತ್ತು.

ಖರೇ ವೇಳೆ ಪಂಚಮಿಯ ಹಿಂದಿನ ವಾರ ಬಂತು. ನಮ್ಮ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ, ಹೊಸ ಸೀರೆ, ಹೊಸ ಜಂಪರು. ಅಂಗಡಿಯ ಕಟ್ಟೆಯ ಮುಂದೆ ಹೆಂಗಸರ ಗುಂಪು, ಎಲ್ಲರ ಕೈಯಲ್ಲೂ ಬಟ್ಟೆಯ ತುಂಡು. ಸುಳ್ಳ ಎಂಬ ಹಳ್ಳಿಯಿಂದ ಬಂದಿದ್ದ ತಾಯಿ ಮಗಳು ಬದನೆಕಾಯಿ ಬಣ್ಣದ ಲೈನಿಂಗು ಆರಿಸುತ್ತಿದ್ದರು. ಆಗ ಫೋನು ಬಂತು. 'ಮನಿ.' ಆ ದಿನದ ಪರೀಕ್ಷೆ ಬೆಳಿಗ್ಗೆಯೇ ಮುಗಿದಿತ್ತು.

ಎತ್ತಿದೆ. "ನಾ ಮನಿಯಿಂದ. ಲಗೂ ಬರ್ರಿ." ಒಂದು ಒತ್ತಿದೆ. ಕತ್ತರಿ ಕೆಳಗಿಟ್ಟೆ. ಅಂಗಡಿ ಹೇಗೆ ಬಿಡಲಿ, ಇಷ್ಟು ಜನರನ್ನು ಹೇಗೆ ಕಳಿಸಲಿ ಎಂದು ಎದ್ದು ನಿಲ್ಲುವುದರೊಳಗೆ ಮೈದುನ ಓಣಿಯ ತುದಿಯಿಂದ ಬರಿಗಾಲಲ್ಲಿ ಓಡಿಬರುತ್ತಿದ್ದ. ಚಪ್ಪಲಿ ಹಾಕಿಕೊಳ್ಳುವ ವ್ಯವಧಾನವೂ ಆಗಿರಲಿಲ್ಲ ಅವನಿಗೆ.

"ಒತ್ತೀನ್ರಿ ವೈನಿ, ಒಂದ ಸಲಕ್ಕ ಒತ್ತೀನಿ. ನೀವು ಹೋಗ್ರಿ. ನಾ ಇಲ್ಲೆ ಕುಂದರ್ತೇನಿ."

ಆಟೋದಲ್ಲಿ ಕೂತು ಮನೆಗೆ ಫೋನು ಹಚ್ಚಿದೆ. ಯಾರೂ ಎತ್ತಲಿಲ್ಲ. ಎದುರು ಮನೆಯ ಅಕ್ಕನಿಗೆ ಹಚ್ಚಿದೆ. ಅಲ್ಲೂ ಇಲ್ಲ. ದಾರಿಯುದ್ದಕ್ಕೂ ನಾನು ಶಿವನನ್ನು ನೆನೆದಷ್ಟೇ ಆ ಡಬ್ಬಿಯನ್ನೂ ನೆನೆದೆ. ಅಂಗಡಿ ಹೋದರೆ ಹೋಗಲಿ, ಈ ಮನುಷ್ಯ ಉಳಿಯಲಿ ಎಂದು ಮನಸ್ಸಿನಲ್ಲೇ ಕೀಲಿಯನ್ನು ಮೈದುನನ ಕೈಗೆ ಕೊಟ್ಟೂಬಿಟ್ಟೆ. ಓಣಿಗೆ ಬಂದರೆ ಮತ್ತೆ ಅಗೆದಿದ್ದರು, ಕರೆಂಟು ತೆಗೆದಿದ್ದರು. ಆಟೋ ಒಳಗೆ ಹೋಗಲಿಲ್ಲ. ಮಣ್ಣಿನ ಗುಡ್ಡೆ ದಾಟಿ ಓಡಿದೆ.

ಬಾಗಿಲು ತೆರೆದಿತ್ತು. ಯಜಮಾನರು ಪಡಸಾಲೆಯ ಕುರ್ಚಿಯಲ್ಲಿ, ಒದ್ದೆ ತಲೆ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಚಹಾದ ಬಟ್ಟಲು. ಎದುರು ಮನೆಯ ಅಕ್ಕ ಅವರ ಮೊಣಕಾಲಿಗೆ ಅರಿಶಿನ ಹಚ್ಚುತ್ತಿದ್ದಳು, ಆಕೆಯ ಗಂಡ ಬಚ್ಚಲಿನ ನೀರು ತಳ್ಳುತ್ತಿದ್ದರು. ಸ್ನಾನ ಮಾಡುವಾಗ ಕೋಲು ಜಾರಿ ಬಿದ್ದಿದ್ದರು. ಏಳಲು ಆಗಿರಲಿಲ್ಲ. ನೆಲದ ಮೇಲೆ ಬಿದ್ದುಕೊಂಡೇ ಒತ್ತಿದ್ದರು. ಅಕ್ಕ ಒಂದು ಒತ್ತಿ, ಫೋನನ್ನು ಒಲೆಯ ಕಟ್ಟೆಯ ಮೇಲೆಯೇ ಬಿಟ್ಟು, ಗಂಡನನ್ನೂ ಎಳೆದುಕೊಂಡು ಓಡಿಬಂದಿದ್ದಳು. ಓಣಿಯ ಡಾಕ್ಟರು ಆಗಲೇ ಬಂದು ನೋಡಿ, ಎಲುಬಿಗೆ ಏನೂ ಆಗಿಲ್ಲ ಎಂದು ಹೋಗಿದ್ದರು. ಮೋಡೆಮ್ಮಿನ ದೀಪಗಳು ಇನ್ವರ್ಟರಿನ ಮೇಲೆ ಉರಿಯುತ್ತಿದ್ದವು.

ನಾನು ಹೊಸ್ತಿಲ ಬಳಿ ಕೂತು ಅತ್ತುಬಿಟ್ಟೆ. ಜನ ಇದ್ದಾರೆಂದೂ ನೋಡಲಿಲ್ಲ. ಯಜಮಾನರು ಚಹಾ ಕುಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

"ಅಂಗಡ್ಯಾಗ ಯಾರ ಅದಾರ?"

"ನಿಮ್ಮ ತಮ್ಮ."

"ಪಂಚಮಿ ಗಿರಾಕಿ ಅಂವನ ಕೈಯಾಗ ಕೊಟ್ಟು ಬಂದಿ? ಅಂವಗ ನೀಲಿ ಯಾವುದು, ನೇರಳಿ ಯಾವುದು ಗೊತ್ತಿಲ್ಲ. ಹೋಗು."

"ನಾ ಇವತ್ತ ಹೋಗೂದಿಲ್ರಿ. ಈಗ ಬಿದ್ದೀರಿ ನೀವು."

ಅವರು ಬಟ್ಟಲು ಕೆಳಗಿಟ್ಟರು. ತೊದಲದಂತೆ, ಒಂದೊಂದೇ ಮಾತನ್ನು ಗಟ್ಟಿಯಾಗಿ ಇಟ್ಟರು. "ಬಿದ್ದೆ. ಒತ್ತಿದೆ. ಬಂದ್ರು. ಇನ್ನ ನನಗ ಅಂಜಿಕಿ ಇಲ್ಲ. ನೀ ಯಾಕ ಅಂಜತಿ? ಹೋಗು ಅಂಗಡಿಗೆ."

ಎದುರು ಮನೆಯ ಅಕ್ಕ, "ಹೋಗ್ರಿ ಅಕ್ಕಾರ, ನಾ ಅದೀನಲ್ಲ" ಎಂದಳು. ನಾನು ಎದ್ದೆ. ಅವರ ಮುಂಗೈಯ ಪಟ್ಟಿ ಒದ್ದೆಯಾಗಿತ್ತು. ಒಣಗಿದ ಇನ್ನೊಂದು ಪಟ್ಟಿಗೆ ಗುಂಡಿ ಬದಲಿಸಿ ಕಟ್ಟಿ, ಮುಖ ತೊಳೆದುಕೊಂಡು ಹೊರಟೆ.

ಅಂಗಡಿಯಲ್ಲಿ ಮೈದುನ ಬೆವರಿ ಬಟ್ಟೆಯೆಲ್ಲ ತೊಯ್ಸಿಕೊಂಡಿದ್ದ. ಅವನ ಸುತ್ತ ಫಾಲು, ಲೈನಿಂಗಿನ ರಾಶಿ ಬಿದ್ದಿತ್ತು. ಸುಳ್ಳದ ತಾಯಿ ಮಗಳು ಇನ್ನೂ ಅಲ್ಲೇ ಇದ್ದರು, ಮುಖ ಗಂಟಿಕ್ಕಿಕೊಂಡು. ನನ್ನನ್ನು ಕಂಡು ಅವನು ಅರ್ಧ ಎದ್ದ.

"ಅಣ್ಣ?"

"ಆರಾಮ ಅದಾರ. ಬಚ್ಚಲದಾಗ ಬಿದ್ದಿದ್ರು. ಎಲುಬಿಗೆ ಏನೂ ಆಗಿಲ್ಲ."

"ಮತ್ತ ನೀವು ಯಾಕ ಹೊಳ್ಳಿ ಬಂದ್ರಿ?"

ಯಜಮಾನರು ಅಂದದ್ದನ್ನು ಅಂದ ಹಾಗೆಯೇ ಹೇಳಿದೆ. ಬಿದ್ದೆ, ಒತ್ತಿದೆ, ಬಂದ್ರು, ಇನ್ನ ನನಗ ಅಂಜಿಕಿ ಇಲ್ಲ. ಮೈದುನ ತಲೆ ತಗ್ಗಿಸಿ ಕೇಳಿದ. ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ, ಕಣ್ಣನ್ನು ಸ್ವಲ್ಪ ಹೆಚ್ಚು ಹೊತ್ತು ಒರೆಸಿಕೊಂಡ. ಕೀಲಿಯ ಮಾತು ಎತ್ತಲಿಲ್ಲ. ಗಾದಿಯಿಂದ ಪೂರ್ತಿ ಎದ್ದು ನಿಂತು, ಬಿದ್ದಿದ್ದ ದಾರದ ತುಣುಕುಗಳನ್ನು ಅದೇ ವಸ್ತ್ರದಿಂದ ಝಾಡಿಸಿದ.

"ಬರ್ರಿ ವೈನಿ. ಕುಂದರ್ರಿ," ಎಂದ.

ನಾನು ಕೂತೆ. ಅವನು ಹುಡುಕಿ ಹುಡುಕಿ ಸೋತಿದ್ದ ಬದನೆಕಾಯಿ ಬಣ್ಣದ ಲೈನಿಂಗಿನ ಥಾನು ಅವನ ಕಾಲ ಬಳಿಯೇ ಇತ್ತು.